ಗಾಳೆವ್ವನ ಹಲ್ಲುಗತ್ತರಿ

ಮೂಡಲ ದಿಕ್ಕಿನಲ್ಲಿ ಇನ್ನೂ ಕೆಂಪು ಕಾಣಿಸಿಲ್ಲ. ನರೇಗಲ್ಲಿನ ಪ್ರಭುಲಿಂಗಪ್ಪನವರ ಮನೆಯ ಮುಂದಿನ ಬೇವಿನ ಮರದ ಬುಡದಲ್ಲಿ ಒಬ್ಬ ಹೆಂಗಸು ತಲೆಯೆತ್ತಿ ನಿಂತಿದ್ದಾಳೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಾಳೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಒಂದು ಕೈ ಮರದ ತೊಗಟೆಯ ಮೇಲಿದೆ. ಈ ಕತ್ತಲಲ್ಲಿ ಆಕೆಗೆ ಏನು ಕಾಣುತ್ತಿದೆಯೋ ತಿಳಿಯದು. ನನಗಂತೂ ಮರವೇ ನೆಟ್ಟಗೆ ಕಾಣುತ್ತಿಲ್ಲ. ಪತ್ರಿಕೆಗೆ ಆಕೆಯ ವಿಷಯ ಬರೆಯಲು ಬಂದವನು, ಕೇಳಿಯೇಬಿಟ್ಟೆ.

"ನೋಡಾಕತ್ತಿಲ್ರಿ ಮಾಸ್ತರ, ಕೇಳಾಕತ್ತೀನಿ," ಎನ್ನುತ್ತಾಳೆ ಗಾಳೆವ್ವ, ತಲೆ ಇಳಿಸದೆ. "ಟೊಂಗಿ ಎಲ್ಲಿ ಮಾಳಗಿ ತಿಕ್ಕತೈತಿ ಅಂತ ಕಿವಿಗೆ ಮೊದಲ ತಿಳೀತೈತಿ. ಹೊತ್ತೇರಿದ ಮ್ಯಾಲೆ ಊರು ಎದ್ದು ಗದ್ದಲಾ ಮಾಡತೈತಿ, ಏನೂ ಕೇಳೂದಿಲ್ಲ."

ನಾನೂ ಕಿವಿಗೊಟ್ಟೆ. ಮುಂಜಾವಿನ ಗಾಳಿಗೆ ಮೇಲೆಲ್ಲೋ ಕರ್ರ್ ಎಂದು ಮಣ್ಣು ಕೆರೆಯುವ ಸದ್ದು. ಒಂದಲ್ಲ, ಮೂರು ಕಡೆ. ಆಕೆ ಮೂರು ಬೆರಳೆತ್ತಿ ತೋರಿಸಿದಳು.

ಅಸೂಟಿಯ ಗಾಳೆವ್ವನ ಹೆಸರು ಯಾವ ದಫ್ತರದಲ್ಲೂ ಇಲ್ಲ. ವಯಸ್ಸು ಕೇಳಿದರೆ "ಐವತ್ತು ಆಗಿರಬೇಕ್ರಿ, ಇಲ್ಲಾ ಆಗತಿರಬೇಕು" ಎನ್ನುತ್ತಾಳೆ. ಆದರೆ ರೋಣದಿಂದ ಗಜೇಂದ್ರಗಡದವರೆಗೆ ಹೊಲದ ಬದುವಿನ ಮೇಲೆ ನಿಂತಿರುವ ಜಾಲಿ, ಹಿತ್ತಲಿನ ಬಾರಿಗಿಡ ಎನ್ನುವ ಎಲಚಿ, ಬಾವಿಯ ಮಗ್ಗುಲಿನ ಬೇವು, ಇವುಗಳ ತಲೆ ಬಾಚಿದವಳು ಇವಳೇ. ಈ ಸೀಮೆಯ ಯಾವುದೇ ದಾರಿಯಲ್ಲಿ ನಡೆಯಿರಿ, ಕಾಂಡದ ಮೇಲೆ ದುಂಡನೆಯ, ಅಂಚು ತುಂಬಿಕೊಂಡ ಹಳೆಯ ಗಾಯ ಕಂಡರೆ ಅದು ಗಾಳೆವ್ವನ ರುಜು. ಕೊಡಲಿಯ ಗಾಯ ಹಾಗಿರುವುದಿಲ್ಲ. ಅದು ಹರಿದ ಬಟ್ಟೆಯ ಹಾಗೆ ಬಾಯಿ ಬಿಟ್ಟುಕೊಂಡು ವರ್ಷಾನುಗಟ್ಟಲೆ ಮಳೆ ಕುಡಿಯುತ್ತದೆ.

ಆಕೆಯ ಹತ್ಯಾರದ ಹೆಸರು ಹಲ್ಲುಗತ್ತರಿ. ನೋಡದವರಿಗೆ ಹೇಳಿಬಿಡುತ್ತೇನೆ. ಅಡಿಕೆ ಕತ್ತರಿಸುವ ಅಡಕತ್ತರಿ ಯಾರ ಮನೆಯಲ್ಲಿಲ್ಲ? ಅದನ್ನೇ ದೊಡ್ಡದು ಮಾಡಿ, ಎರಡು ಹಿಡಿಕೆಗೂ ತೋಳುದ್ದದ ಜಾಲಿ ಕಟ್ಟಿಗೆ ಕೂಡಿಸಿದರೆ ಅರ್ಧ ಆಯಿತು. ಇನ್ನರ್ಧ ಹಲ್ಲು. ಕೀಲಿನ ಹತ್ತಿರ ಒಂದು ಹಲ್ಲಿನ ಪಟ್ಟಿ, ಅದರ ಮೇಲೊಂದು ಕಬ್ಬಿಣದ ನಾಲಗೆ. ಹಿಡಿಕೆ ಒತ್ತಿದರೆ ಅಲಗು ಟೊಂಗೆಯನ್ನು ಕಚ್ಚುತ್ತದೆ, ನಾಲಗೆ ಕಟ್ ಎಂದು ಹಲ್ಲಿಗೆ ಬೀಳುತ್ತದೆ. ಹಿಡಿಕೆ ಹಿಂದಕ್ಕೆ ಬಿಟ್ಟರೂ ಅಲಗು ಕಚ್ಚಿದ್ದನ್ನು ಬಿಡುವುದಿಲ್ಲ. ಕೈ ಸುಧಾರಿಸಿಕೊಂಡು ಮತ್ತೆ ಒತ್ತಿದರೆ ಇನ್ನೂ ಆಳಕ್ಕೆ. ಒಂದೇ ಏಟಿಗೆ ಗಟ್ಟಿ ಆಳು ಮಾಡುವ ಕೆಲಸವನ್ನು ಸಾಮಾನ್ಯ ತೋಳು ಮೂರು ಕಂತಿನಲ್ಲಿ ಮಾಡುತ್ತದೆ. ಕಟ್, ಕಟ್, ಕಟಕ್. ಮೂರನೆಯದಕ್ಕೆ ಟೊಂಗೆ ಕೈಗೆ ಬರುತ್ತದೆ.

ಆ ಮೂರು ಸದ್ದು ನನ್ನ ಕಿವಿಯಲ್ಲಿ ಇಪ್ಪತ್ತು ವರ್ಷದಿಂದ ಇದೆ. ಈಗ ಹದಿನೆಂಟುನೂರ ಐವತ್ತೊಂಬತ್ತನೆಯ ಇಸವಿ. ನಾನು ಎಂಟು ವರ್ಷದವನಿದ್ದಾಗ ನಮ್ಮ ಗಾಂವಟಿ ಸಾಲಿ ಇದೇ ಬೇವಿನ ಕಟ್ಟೆಯ ಮೇಲೆ ನಡೆಯುತ್ತಿತ್ತು. ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದುವುದು, ಮೇಲಿಂದ ಬೇವಿನ ಹೂ ಬಿದ್ದು ಅಕ್ಷರ ಕೆಡುವುದು, ಪಂತೋಜಿಯಿಂದ ಒದೆ ತಿನ್ನುವುದು. ಬೇಸಿಗೆಯಲ್ಲಿ ಗಾಳೆವ್ವ ಮರ ಸವರಲು ಬಂದಳೆಂದರೆ ನಮಗೆ ಹಬ್ಬ. ಅಕ್ಷರ ಬಿಟ್ಟು ಎಲ್ಲರೂ ಮೇಲೆ ನೋಡುತ್ತ "ಒಂದಽ, ಎರಡಽ, ಮೂರಽ" ಎಂದು ಕೂಗುತ್ತಿದ್ದೆವು. ಮೂರಕ್ಕೆ ಟೊಂಗೆ ಬೀಳದೆ ಇದ್ದದ್ದು ನನಗೆ ನೆನಪಿಲ್ಲ. ಪಂತೋಜಿ ಕೂಡ ಕೋಲು ಕಂಕುಳಲ್ಲಿಟ್ಟುಕೊಂಡು ಬಾಯೊಳಗೇ ಎಣಿಸುತ್ತಿದ್ದರು. ಆ ಪಂತೋಜಿ ಈಗಿಲ್ಲ, ಜೊತೆಗೆ ಕೂಗಿದವರು ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಆ ಮರಳಿನ ಮೇಲೆ ಮತ್ತೊಮ್ಮೆ ಕೂರುವ ಆಸೆ ನನಗೆ ಈಗಲೂ ಆಗುತ್ತದೆ.

ಇವತ್ತು ಆ ಮರದ ಹಣೆಬರಹ ತೀರ್ಮಾನವಾಗಬೇಕು. ಬೇವಿನ ಮೂರು ಟೊಂಗೆಗಳು ಮಾಳಿಗೆಯ ಮೇಲೆ ಒರಗಿ, ಗಾಳಿ ಬಂದಾಗಲೆಲ್ಲ ಮಣ್ಣು ಕೆರೆದು ಕೆರೆದು ಬೆಳಕಿಂಡಿಯ ಅಂಚು ಬಿರಿದಿದೆ. ಮಾಳಿಗೆಯ ಮೇಲೆ ನಿಂತು ಕೊಡಲಿ ಬೀಸಿದರೆ ಟೊಂಗೆಯ ಜೊತೆ ಮಾಳಿಗೆಯೂ ಕೆಳಗೆ ಬರುತ್ತದೆ. ಅದಕ್ಕೇ ಕೊಡಲಿಯವರು, ಬುಡಕ್ಕೇ ಹಾಕಿ ಮರವನ್ನು ಬೀದಿಯ ಕಡೆ ಕೆಡವುವುದು ಸಲೀಸು ಎಂದಿದ್ದಾರೆ. ಪ್ರಭುಲಿಂಗಪ್ಪನವರು ಕೆಟ್ಟವರಲ್ಲ. ಹೊಲಮನೆ, ಪೇಟೆಯ ವ್ಯಾಪಾರ ಎಲ್ಲ ನೋಡಿಕೊಂಡು ಹೋಗುವ ಲೆಕ್ಕಾಚಾರದ ಮನುಷ್ಯ.

"ನಮ್ಮವ್ವ ಹಚ್ಚಿದ ಗಿಡಾ. ಕಡಸಾಕ ನನಗೇನು ಖುಷಿನ?" ಎನ್ನುತ್ತಾರೆ ನನ್ನೊಡನೆ. "ಆದ್ರ ಮಿರಗದ ಮಳಿ ಬರೂದ್ರಾಗ ಮಾಳಗಿ ಉಳೀಬೇಕಲ್ಲ. ಗಾಳೆವ್ವಗ ಇವತ್ತೊಂದು ದಿನಾ ಕೊಟ್ಟೀನಿ. ಮೊದಲಿನ ಗಾಳೆವ್ವ ಆಗಿದ್ರ ನಾ ಹಿಂಗ ಮಾತಾಡತಿದ್ದಿಲ್ಲ. ಈಗ ಆಕಿ ಕೈಯಾಗ ಆ ಕತ್ತಿ ಇಲ್ಲಲ್ರಿ."

ಆ ಕತ್ತಿಯ ಕಥೆ ಹೇಳದೆ ಗಾಳೆವ್ವನ ಕಥೆ ಮುಂದಕ್ಕೆ ಹೋಗುವುದಿಲ್ಲ.

ಮರ ಸವರುವುದು ಮೊದಲು ಆಕೆಯ ಗಂಡ ಪರಶಪ್ಪನ ಕೆಲಸ. ಕೊಡಲಿ ಹೆಗಲಿಗಿಟ್ಟು ಹತ್ತಿದನೆಂದರೆ ಮಂಗನೂ ನಾಚಬೇಕು, ಹಾಗಿದ್ದವನು. ಮದುವೆಯಾಗಿ ಹತ್ತು ವರ್ಷಕ್ಕೆ ಸೂಡಿಯ ಒಂದು ಹುಣಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಮತ್ತೆ ಎದ್ದು ನಡೆಯಲಿಲ್ಲ. ಮನೆಯಲ್ಲಿ ಇದ್ದದ್ದು ಒಂದು ಕೊಡಲಿ, ಅದನ್ನು ಬೀಸಲು ಬಾರದ ಹೆಂಡತಿ.

"ನಾ ಕೊಡಲಿ ಎತ್ತಿದ್ರ ಕೊಡಲಿ ನನ್ನ ಎತ್ತಿಕೊಂಡು ಹೋಗತಿತ್ತ್ರಿ," ಎಂದು ನಗುತ್ತಾಳೆ ಗಾಳೆವ್ವ. "ಅವ್ರು ಒಂದಿನಾ ಗಾಡ್ಯಾಗ ಬಿದಕೊಂಡು ಗಜೇಂದ್ರಗಡಕ್ಕ ಹೋಗಿ ಬಂದ್ರು. ಎರಡು ತಿಂಗಳಿಗೆ ಈ ಕತ್ರಿ ಬಂತು."

ಮಾಡಿಕೊಟ್ಟವರು ಗಜೇಂದ್ರಗಡದ ಅಲ್ಲಾಸಾಬ. ಕತ್ತಿ, ಕಠಾರಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುವ ಶಿಕಲಗಾರರ ಮನೆತನ. ಪಕ್ಕದ ಮನೆಯಲ್ಲಿ ಮಗ್ಗವಿತ್ತು. ನೆಯ್ದ ಸೀರೆ ಸುತ್ತುವ ದಿಂಡು ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಒಂದು ಕಟ್ಟಿಗೆಯ ನಾಲಗೆ ಕೊಟ್ಟಿದ್ದನ್ನು ದಿನಾ ನೋಡಿದವರು ಅದನ್ನೇ ಕತ್ತರಿಗೆ ತಂದರು. ಅಲಗಿನ ಬಗ್ಗೆ ಮಾತ್ರ ಬೇರೊಂದು ಸುದ್ದಿ ಹಬ್ಬಿತು. ಕೋಟೆಯ ಹಳೆಯ ಕತ್ತಿಯೊಂದು ಮುರಿದಿತ್ತಂತೆ, ಅದರ ಉಕ್ಕಿನಿಂದಲೇ ಅಲ್ಲಾಸಾಬ ಈ ಅಲಗು ಮಾಡಿದ್ದಂತೆ. ಗಾಳೆವ್ವ ಆ ಮಾತನ್ನು ಹದಿನೆಂಟು ವರ್ಷ ಕಂಡಕಂಡವರಿಗೆಲ್ಲ ಹೇಳಿದಳು. ಯಾರಾದರೂ "ಎಷ್ಟು ಹರಿತ ಐತಿ" ಎಂದರೆ ಸಾಕು, "ಮತ್ತ! ಗಜೇಂದ್ರಗಡದ ಕ್ವಾಟಿ ಕತ್ತಿ ಅದು!" ಎನ್ನುವುದು ಆಕೆಯ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ನಾವು ಮಕ್ಕಳು ಆ ಮಾತಿಗೆ ಬಾಯಿ ತೆರೆದು ನಿಲ್ಲುತ್ತಿದ್ದೆವು.

ಪರಶಪ್ಪ ಮುಂದೆ ಹತ್ತು ವರ್ಷ ಬದುಕಿದ್ದ. ಕೆಲಸದ ಊರಿಗೆ ಗಾಡಿಯಲ್ಲೇ ಬರುತ್ತಿದ್ದ, ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತು ಕೆಳಗಿನಿಂದಲೇ ಹೇಳುತ್ತಿದ್ದ: ಆ ಟೊಂಗೆ ಬಿಡು, ಈ ಟೊಂಗೆ ಹಿಡಿ. ಅವನು ತೀರಿ ಹತ್ತು ವರ್ಷವಾಯಿತು. "ಈಗಲೂ ಮ್ಯಾಲೆ ಹತ್ತಿದ ಕೂಡ್ಲೆ ಒಮ್ಮೆ ಕೆಳಗ ನೋಡತೀನ್ರಿ," ಎನ್ನುತ್ತಾಳೆ. "ಕಂಬಳಿ ಇರೂದಿಲ್ಲ. ಗೊತ್ತೈತಿ. ನೋಡತೀನಿ ಅಷ್ಟ."

ಎರಡು ವರ್ಷದ ಹಿಂದೆ ಊರೂರಿಗೂ ಸರಕಾರದ ಡಂಗುರ ಬಂತು. ಕತ್ತಿ, ಕಠಾರಿ, ಭರ್ಚಿ, ಬಂದೂಕು ಏನಿದ್ದರೂ ಚಾವಡಿಗೆ ತಂದೊಪ್ಪಿಸಬೇಕು. ಹೋದ ವರ್ಷ ನರಗುಂದದಲ್ಲಿ ಆದದ್ದು ಎಲ್ಲರಿಗೂ ತಿಳಿದಿದೆ, ಅದರ ಮಾತು ಇಲ್ಲಿ ಬೇಡ. ಒಕ್ಕಲುತನದ ಸಾಮಾನಿಗೆ ಅಡ್ಡಿಯಿರಲಿಲ್ಲ. ಕುಡುಗೋಲು, ಕೊಡಲಿ ಮನೆಯಲ್ಲೇ ಉಳಿದವು. ಅಸೂಟಿಗೆ ಬಂದ ಕಾರಕೂನ ಗಾಳೆವ್ವನ ಹತ್ಯಾರವನ್ನು ಮಗುಚಿ ನೋಡಿ, ಟೊಂಗೆ ಕಡಿಯುವುದು ಎಂದು ತಿಳಿದ ಮೇಲೆ ಪಕ್ಕಕ್ಕಿಟ್ಟಿದ್ದ. ಅಲ್ಲಿಗೆ ಮುಗಿಯಬೇಕಿತ್ತು. ಅವನು ಏಳುವಾಗ ಸುಮ್ಮನೆ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ "ಭಾಳ ಚಲೋ ಉಕ್ಕು ಐತಿ ನೋಡು" ಎಂದ.

"ನನ್ನ ಬಾಯಿಗೆ ಏನು ಬಂದಿತ್ತೋ," ಎಂದು ಗಾಳೆವ್ವ ಹಣೆ ಬಡಿದುಕೊಳ್ಳುತ್ತಾಳೆ. "ಹದಿನೆಂಟು ವರ್ಷದ ರೂಢಿ. 'ಮತ್ತ! ಗಜೇಂದ್ರಗಡದ ಕ್ವಾಟಿ ಕತ್ತಿ ಅದು' ಅಂದೆ. ಅಂದ ಮ್ಯಾಲೆ ಚಾವಡ್ಯಾಗ ಯಾರೂ ಉಸರಾಡಲಿಲ್ಲ. ಆ ಕಾರಕೂನಂದು ತಪ್ಪಿಲ್ರಿ. ಹತ್ತು ಮಂದಿ ಮುಂದ ಕತ್ತಿ ಅಂದ ಮ್ಯಾಲೆ ಅವಾ ಏನು ಮಾಡ್ಯಾನು? ಕೀಲು ಬಿಚ್ಚಿಸಿ ಅಲಗು ತಗೊಂಡಾ, ಹಿಡಕಿ, ಹಲ್ಲು ನನಗ ತಿರಗಿ ಕೊಟ್ಟಾ. 'ಕಟಗಿ ನಿಂದು, ಕತ್ತಿ ಸರಕಾರದ್ದು' ಅಂದಾ."

ಅಲಗು ಉಳಿದ ಹತ್ಯಾರಗಳೊಡನೆ ಗಾಡಿಯಲ್ಲಿ ಹೋಯಿತು. ಗಾಳೆವ್ವ ಅತ್ತದ್ದು ಪರಶಪ್ಪ ಸತ್ತಾಗಿನಷ್ಟೇ ಎಂದು ಅಸೂಟಿಯವರು ಹೇಳುತ್ತಾರೆ. ಹೊಟ್ಟೆಪಾಡು ಬಿಡುತ್ತದೆಯೇ? ಗಂಡನ ಕೊಡಲಿ ಹಿಡಿದಳು. ಆ ಬೇಸಿಗೆ ಸೂಡಿಯ ಸಕ್ರವ್ವನ ಬಾರಿಗಿಡಕ್ಕೆ ಕೈ ಹಾಕಿದಳು. ನರೇಗಲ್ಲಿನ ಸಂತೆಗೆ ಸಕ್ರವ್ವ ತರುವ ಬಾರಿಹಣ್ಣು ಎಂದರೆ ಜನ ಕಾದು ಕೊಳ್ಳುತ್ತಿದ್ದರು. ಕೊಡಲಿಯ ಏಟು ಅಡ್ಡ ಬಿದ್ದು, ಟೊಂಗೆ ಅರ್ಧಕ್ಕೆ ಸೀಳಿ, ಅದರ ಭಾರಕ್ಕೆ ಸಿಪ್ಪೆ ಬುಡದ ತನಕ ಸುಲಿದುಕೊಂಡು ಬಂತು. ದೀಪಾವಳಿಯ ಹೊತ್ತಿಗೆ ಗಿಡ ಒಣಗಿತು. ಸಕ್ರವ್ವ ಒಂದು ಮಾತೂ ಬೈಯಲಿಲ್ಲ, ಆದರೆ ಊರು ಬಿಡಲಿಲ್ಲ. ಗಾಳೆವ್ವನಿಗೆ 'ಗಿಡಾ ಕೊಂದಾಕಿ' ಎಂಬ ಹೆಸರು ಬಂತು. ಮಿರಗದ, ಅಂದರೆ ಮೃಗಶಿರದ, ಮಳೆಗೆ ಮುಂಚಿನ ಎರಡು ತಿಂಗಳು ದಿನಕ್ಕೆ ಇಪ್ಪತ್ತು ಗಿಡ, ಅರವತ್ತು ಟೊಂಗೆ ಇಳಿಸುತ್ತಿದ್ದವಳನ್ನು ಕಳೆದ ವರ್ಷ ಇಡೀ ಬೇಸಿಗೆಯಲ್ಲಿ ಕರೆದದ್ದು ಐದೇ ಮನೆಯವರು. ಕೂಲಿಯ ಜೋಳ ಹೋಗಲಿ, ಸಣ್ಣ ಸೊಪ್ಪಿನ ಟೊಂಗೆಗಳಿಂದ ಸಾಕುತ್ತಿದ್ದ ನಾಲ್ಕು ಆಡುಗಳೂ ಸೊರಗಿದವು.

ಈ ವರ್ಷ ಪುಷ್ಯ ಮಾಸದ ಬನದ ಹುಣ್ಣಿಮೆಯ ಹೊತ್ತಿಗೆ ಧೈರ್ಯ ಮಾಡಿ ಗಜೇಂದ್ರಗಡಕ್ಕೆ ನಡೆದಳು. ಅಲ್ಲಾಸಾಬರಿಗೆ ಈಗ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಕೈ ಮಾತ್ರ ಸ್ಥಿರ. ಹದಿನೈದು ದಿನ ಬಿಟ್ಟು ಬಾ ಎಂದು ಕಳಿಸಿ, ಮೂರು ಅಲಗು ಮಾಡಿ ತಟ್ಟಿನ ಮೇಲೆ ಸಾಲಾಗಿ ಇಟ್ಟು "ಆರಿಸಿಕೋ" ಎಂದರು. ಮೂರೂ ಸವೆದ ನೇಗಿಲ ಕುಳದ ಕಬ್ಬಿಣ.

ಹೇಗೆ ಆರಿಸಿದೆ ಎಂದು ಕೇಳಿದರೆ ಗಾಳೆವ್ವನ ಮುಖ ಬೆಳಗುತ್ತದೆ. ತನ್ನ ಕಸುಬಿನ ಮಾತು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. "ಹರಿತ ನೋಡಿ ತಗೊಳ್ಳೂದು ಹುಚ್ಚುತನಾರಿ. ಹರಿತಾ ನಾಳೆ ಹಿಡಸಬಹುದು. ಮೊದಲ ಕೀಲಿಗೆ ಕೂಡಿಸಿ ಸೂರ್ಯಾನ ಕಡೆ ಹಿಡೀಬೇಕು. ಅಲಗಿನ ನಡುವ ಬೆಳಕು ತೂರಿದ್ರ ಬ್ಯಾಡ, ಅದು ಟೊಂಗಿ ಕಡಿಯೂದಿಲ್ಲ, ಜಗೀತೈತಿ. ಮತ್ತ ಎರಡೂ ಕೈ ಚಾಚಿ ನೂರು ಎಣಸೂ ತನಕ ಹಿಡಕೊಂಡು ನಿಂದ್ರಬೇಕು. ಹೆಗಲು ಕಿವಿ ಕಡೆ ಏರಿದ್ರ ಅದು ನಿನ್ನ ಹತ್ಯಾರ ಅಲ್ಲ, ಯಾರದೋ ಪೈಲವಾನಂದು. ಕಡೀಕ ಹಲ್ಲಿನ ಸಪ್ಪಳಾ ಕೇಳಬೇಕು. ಕಟ್ ಅಂತ ಬೀಳಬೇಕು. ನಾಲಗಿ ಒಮ್ಮೆ ಜಾರಿತು ಅಂದ್ರ ಮುಂಗೈ ಹೋತು."

ನಡುವಿನ ಅಲಗನ್ನು ಆರಿಸಿ ತಂದಳು. ತಂದವಳು ನಾಲ್ಕು ತಿಂಗಳು ಸಣ್ಣಪುಟ್ಟ ಟೊಂಗೆ ಕಡಿದಳೇ ಹೊರತು ದಪ್ಪನೆಯದಕ್ಕೆ ಹಚ್ಚಲಿಲ್ಲ. ಮನೆಯ ಹಿಂದಿನ ಒಣ ಜಾಲಿಗೆ ಒಮ್ಮೆ ಹಚ್ಚಿದಾಗ ಆರು ಕಚ್ಚು ಬೇಕಾಯಿತಂತೆ. ಒಣಕಟ್ಟಿಗೆ ಯಾವ ಅಲಗಿಗಾದರೂ ಹಾಗೆಯೇ ಎಂದು ಆಕೆಗೆ ಗೊತ್ತು. ಆದರೂ ಹಸಿ ಟೊಂಗೆಗೆ ಹಚ್ಚಲು ಮನಸ್ಸು ಬರಲಿಲ್ಲ. "ಹಸೀದಕ್ಕೂ ಆರು ಬಿದ್ರ ಏನು ಮಾಡ್ಲಿ?" ಎನ್ನುತ್ತಾಳೆ. "ಹಚ್ಚದಿದ್ರ, ಮೂರಽ ಬೀಳಬಹುದು ಅನ್ನೂ ಆಸೆನಾದ್ರೂ ಇರತೈತಲ್ರಿ."

ಇವತ್ತು ಹಚ್ಚಲೇಬೇಕು. ಹೊತ್ತು ಮೂಡುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಗಾಡಿಯೊಂದು ನಿಂತಿತು. ಅದರಿಂದ ಇಳಿದವರು ಅಲ್ಲಾಸಾಬ! ದಪ್ಪ ಟೊಂಗೆ ಕಡಿಯುವ ದಿನ ತನಗೆ ಹೇಳಿಕಳಿಸಬೇಕು ಎಂದು ಅಲಗು ಕೊಡುವಾಗಲೇ ಮಾತು ತೆಗೆದುಕೊಂಡಿದ್ದರಂತೆ. ಕಟ್ಟೆಯ ಮೇಲೆ, ನಾವು ಮರಳು ಹರವುತ್ತಿದ್ದ ಜಾಗದಲ್ಲೇ ಅವರು ಕೂತರು. ಪ್ರಭುಲಿಂಗಪ್ಪನವರು ನೀರು, ಬೆಲ್ಲ ತರಿಸಿಕೊಟ್ಟರು. ಅಕ್ಕಪಕ್ಕದ ಹತ್ತಿಪ್ಪತ್ತು ಜನ ಆಗಲೇ ಸೇರಿದ್ದರು, ಅವರಲ್ಲಿ ಹಲ್ಲುಜ್ಜುತ್ತ ಬಂದವರೂ ಇದ್ದರು.

ಗಾಳೆವ್ವ ಏಣಿಯನ್ನು ಕಾಂಡಕ್ಕೆ ಎರಡು ಕಡೆ ಬಿಗಿದು ಕಟ್ಟುತ್ತಾಳೆ. ಅಲಗಿಗೆ ಕುಸುಬಿ ಎಣ್ಣೆ ಸವರುತ್ತಾಳೆ. ಮೇಲಿನ ಕವಲಿಗೆ ಹಗ್ಗ ಹಾಕಿ, ಅದರ ಒಂದು ತುದಿಯನ್ನು ಟೊಂಗೆಗೆ ಕಟ್ಟಿ, ಇನ್ನೊಂದನ್ನು ಕೆಳಗೆ ಬಿಡುತ್ತಾಳೆ. ಹಿಡಿಯುವವರು ಯಾರು? "ಮಾಳಗಿ ಯಾರದೋ ಅವ್ರಽ ಹಿಡೀಲಿ" ಎನ್ನುತ್ತಾಳೆ. ಜನ ನಗುತ್ತಾರೆ. ಪ್ರಭುಲಿಂಗಪ್ಪನವರು ಧೋತರ ಮೇಲೆತ್ತಿ ಕಟ್ಟಿ ಹಗ್ಗ ಹಿಡಿಯುತ್ತಾರೆ.

ಮೊದಲ ಟೊಂಗೆ ಎರಡು ಬೆರಳಿನ ಗಾತ್ರ, ಎರಡು ಕಚ್ಚಿಗೆ ಬಂತು. ಎರಡನೆಯದೂ ಅಷ್ಟೇ. ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರ ಕಣ್ಣು ಮೂರನೆಯದರ ಮೇಲೆ. ಅದು ಬೆಳಕಿಂಡಿಯ ಮೇಲೇ ಮಲಗಿದೆ. ಗಾಳೆವ್ವ ಮೊದಲು ಅದರ ತುದಿಯ ರೆಂಬೆಗಳನ್ನು ಸವರಿ ಭಾರ ಇಳಿಸಿದಳು. ಆಮೇಲೆ ಟೊಂಗೆಯ ಬುಡಕ್ಕೆ ಹೆಬ್ಬೆರಳು, ನಡುಬೆರಳು ಸುತ್ತಿದಳು. ಎರಡು ಬೆರಳು ಕೂಡಿದರೆ ಹಲ್ಲುಗತ್ತರಿ, ಕೂಡದಿದ್ದರೆ ಗರಗಸ, ಇದು ಆಕೆಯ ಅಳತೆ. ಬೆರಳಿನ ತುದಿಗಳು ಮುಟ್ಟಿಯೂ ಮುಟ್ಟದ ಹಾಗೆ ನಿಂತವು. ಅಲ್ಲೇ ಒಂದು ಕ್ಷಣ ತಡೆದಳು. ಕೆಳಗೆ ನೋಡಿದಳು. ಕಂಬಳಿ ಇರುತ್ತಿದ್ದ ಜಾಗವನ್ನು ನೋಡಿದಳೆಂದು ನನಗೆ ಮಾತ್ರ ಗೊತ್ತಾಯಿತು.

ಟೊಂಗೆಯನ್ನು ಕತ್ತರಿಯ ಗಂಟಲಿನವರೆಗೆ ತುರುಕಿದಳು. ತುದಿಯಲ್ಲಿ ಕಚ್ಚಿಸಿದರೆ ಕೀಲು ತಿರುಚುತ್ತದೆಯಂತೆ. ಕಾಂಡಕ್ಕೆ ಅಂಟಿದಂತೆ ಇರುವ ಊದಿದ ಗೆಣ್ಣನ್ನು ಬಿಟ್ಟು, ಅದರ ಅಂಚಿಗೆ ಅಲಗು ಕೂಡಿಸಿದಳು. ಗೆಣ್ಣು ಕಡಿದರೆ ಮರಕ್ಕೆ ಗಾಯ ಮುಚ್ಚಿಕೊಳ್ಳಲು ತುಟಿಯೇ ಇರುವುದಿಲ್ಲ ಎಂದು ಬೆಳಿಗ್ಗೆ ನನಗೆ ಹೇಳಿದ್ದಳು. ಆಮೇಲೆ ಒತ್ತಿದಳು.

ಕಟ್.

"ಒಂದಽ" ಎಂದಿತು ಜನದ ನಡುವಿನಿಂದ ಒಂದು ದನಿ. "ಎಣಸಬ್ಯಾಡ್ರೋ!" ಎಂದು ಗದರಿದಳು ಗಾಳೆವ್ವ ಮೇಲಿನಿಂದ. ಯಾರು ಕೇಳುತ್ತಾರೆ? ಹಿಡಿಕೆ ಹಿಂದಕ್ಕೆ ಬಿಟ್ಟಳು, ಉಸಿರು ತೆಗೆದುಕೊಂಡಳು, ಮತ್ತೆ ಒತ್ತಿದಳು. ಕಟ್. ಈಗ ಹತ್ತಾರು ದನಿ, "ಎರಡಽ". ಅವುಗಳಲ್ಲಿ ಒಂದು ನನ್ನದೇ ಎಂದು ಕೂಗಿದ ಮೇಲೆ ಗೊತ್ತಾಯಿತು. ಇಪ್ಪತ್ತೆಂಟು ವರ್ಷದ ಸಾಲಿ ಮಾಸ್ತರನಿಗೆ ಇದು ತಕ್ಕದ್ದಲ್ಲ, ಆದರೆ ಏನು ಮಾಡಲಿ, ಕಣ್ಣಲ್ಲಿ ನೀರಿತ್ತು.

ಅಲಗು ಅರ್ಧ ಮುಳುಗಿದೆ. ಟೊಂಗೆ ಅಲುಗಿಲ್ಲ. ಗಾಳೆವ್ವ ತೋಳು ಸಡಿಲಿಸಿ, ಮತ್ತೆ ಹಿಡಿದು, ಕಣ್ಣು ಮುಚ್ಚಿ ಒತ್ತಿದಳು.

ಕಟಕ್.

ಹಗ್ಗ ಬಿಗಿಯಿತು. ಪ್ರಭುಲಿಂಗಪ್ಪನವರು ಎರಡು ಹೆಜ್ಜೆ ಮುಂದಕ್ಕೆ ಎಳೆಸಿಕೊಂಡು ಹೋಗಿ ನಿಂತರು. ಟೊಂಗೆ ಗಾಳಿಯಲ್ಲಿ ತೂಗಾಡುತ್ತ, ಬೆಳಕಿಂಡಿಗೆ ಎಲೆಯನ್ನೂ ತಾಗಿಸದೆ, ಮೆಲ್ಲಗೆ ನೆಲಕ್ಕೆ ಬಂತು. ಮೂರು ಎಂದು ಯಾರೂ ಕೂಗಲಿಲ್ಲ. ಕೂಗಬೇಕೆಂದು ತೆರೆದ ಬಾಯಿಗಳೆಲ್ಲ ಹಾಗೇ ಇದ್ದವು.

"ನಾಳೆ ಕೊಡಲಿಯವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ರಿ," ಎಂದರು ಪ್ರಭುಲಿಂಗಪ್ಪನವರು ಅಂಗೈ ಊದಿಕೊಳ್ಳುತ್ತ.

ಗಾಳೆವ್ವ ಇಳಿದು ಬಂದು ಹಲ್ಲುಗತ್ತರಿಯನ್ನು ಅಲ್ಲಾಸಾಬರ ತೊಡೆಯ ಮೇಲಿಟ್ಟಳು. ಬೆವರು, ನಗು, ಅಳು ಎಲ್ಲ ಒಟ್ಟಿಗೇ ಇತ್ತು. "ಕಾಕಾ, ಕುಳದ ಕಬ್ಬಣಾ ಕತ್ತಿ ಹಂಗಽ ಕಡೀತು! ಮೂರಽ ಕಚ್ಚು! ಹ್ಯಾಂಗ ಮಾಡಿದ್ರಿ?"

ಮುದುಕ ಅಲಗಿನ ಮೇಲೆ ಬೆರಳು ಆಡಿಸಿದರು. "ಆವಾಗ ಹ್ಯಾಂಗ ಮಾಡಿದ್ನೋ ಹಂಗಽ ಮಾಡೀನಿ, ಬೇಟಿ. ಅದೂ ಕುಳದ ಕಬ್ಬಣಾನ. ಅದು ಕತ್ತಿ ಆಗಿರಲಿಲ್ಲ."

ಗಾಳೆವ್ವನಿಗೆ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ಅಲ್ಲಾಸಾಬರೇ ಬಿಡಿಸಿ ಹೇಳಿದರು. "ನಿನ್ನ ಗಂಡ ಗಾಡ್ಯಾಗ ಮಲಗಿ ಬಂದಿದ್ನಲ್ಲ, ಅವತ್ತು ಹೇಳಿದಾ. 'ನಮ್ಮಾಕಿಗೆ ಅಂಜಿಕಿ ಭಾಳ. ನಾ ಬಿದ್ದದ್ದು ಕಣ್ಣಾರೆ ನೋಡ್ಯಾಳ. ಕ್ವಾಟಿ ಕತ್ತಿದು ಅಂತ ಹೇಳ್ರಿ. ಕೈಯಾಗ ಕತ್ತಿ ಐತಿ ಅಂದ್ರ ಮ್ಯಾಲೆ ನಿಂದ್ರತಾಳ.' ನಾ ಹೂಂ ಅಂದೆ. ಖರೇ ಹೇಳಬೇಕಂದ್ರ ನನಗೂ ಆ ಸುಳ್ಳು ಬೇಕಾಗಿತ್ತು. ಎರಡು ವರ್ಷ ಆಗಿತ್ತು, ಸಾಣಿಗೆ ಒಂದೂ ಕತ್ತಿ ಬಂದಿದ್ದಿಲ್ಲ. ಬರೇ ಕುಡಗೋಲು. ಮಂದಿ ನನ್ನ ಹೆಸರಿನ ಜೋಡಿ ಕತ್ತಿ ಅಂತಾರಲ್ಲ ಅಂತ ಹೇಳಿ ಸುಮ್ನ ಇದ್ದಬಿಟ್ಟೆ."

"ಎರಡು ವರ್ಷ, ಕಾಕಾ." ಗಾಳೆವ್ವನ ಮುಖದ ನಗು ಹೋಗಿತ್ತು. "ಎರಡು ವರ್ಷ ನನಗ ಗಿಡಾ ಕೊಂದಾಕಿ ಅಂದ್ರು. ಚಾವಡ್ಯಾಗ ಬಂದು ಒಂದು ಮಾತು ಹೇಳಬಾರದಾಗಿತ್ತ?"

"ನನಗ ಸುದ್ದಿ ಮುಟ್ಟಿದಾಗ ಗಾಡಿ ಹೋಗಿ ತಿಂಗಳಾಗಿತ್ತು." ಅಲ್ಲಾಸಾಬ ತಲೆ ಎತ್ತಲಿಲ್ಲ. "ಬನದ ಹುಣ್ಣಿಮಿಗೆ ನೀ ಬಂದಾಗ ಹೇಳಬೇಕಂದೆ. ಹೇಳಿದ್ರ ಸಮಾಧಾನಕ್ಕ ಹೇಳತಾನ ಅಂತಿದ್ದಿ, ನಂಬತಿದ್ದಿಲ್ಲ. ಅದಕ್ಕ ನಿನ್ನ ಕಣ್ಣ ಮುಂದ ಮೂರು ಕಚ್ಚು ಬೀಳಲಿ ಅಂತ ಕಾದೆ. ತಪ್ಪು ನಂದು, ಬೇಟಿ."

ಆಕೆ ಗೋಡೆಯ ಬದಿಗಿಟ್ಟಿದ್ದ ಸೆಗಣಿ, ಕೆಮ್ಮಣ್ಣಿನ ಬೋಗುಣಿ ಎತ್ತಿಕೊಂಡು ಮತ್ತೆ ಏಣಿ ಹತ್ತಿದಳು. ಮೂರು ಗಾಯಗಳಿಗೂ ನಿಧಾನವಾಗಿ ಬಳಿದಳು. ಮೂರನೆಯದಕ್ಕೆ ಬಳಿದಾದ ಮೇಲೂ ಕೈ ಅಲ್ಲೇ ಇತ್ತು. ಮೇಲೆ ನಿಂತವಳ ಮುಖ ನಮಗೆ ಕಾಣುತ್ತಿರಲಿಲ್ಲ. ಇಳಿದು ಬಂದಾಗ ಕಣ್ಣು ಒದ್ದೆಯಾಗಿದ್ದರೂ ಸಿಟ್ಟು ಇಳಿದಿತ್ತು. "ಸುಳ್ಳಬುರುಕ ನನ್ನ ಗಂಡಾ," ಎಂದಳು ತನ್ನಷ್ಟಕ್ಕೆ, ಪ್ರೀತಿಯಿಂದ. ಕೈ ತೊಳೆದುಕೊಂಡು, ಅಲ್ಲಾಸಾಬರ ಮುಂದಿದ್ದ ಬೆಲ್ಲದಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮುದುಕನಿಗೆ ಅಷ್ಟು ಸಾಕಾಗಿತ್ತು.

ಹೊರಡುವ ಮುಂಚೆ, ಪತ್ರಿಕೆಗೆ ಬರೆಯಲು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಮೊದಲು ಸೂಡಿಗೆ ಹೋಗಿ ಸಕ್ರವ್ವನ ಹಿತ್ತಲಿನಲ್ಲಿ ಒಂದು ಬಾರಿಸಸಿ ಹಚ್ಚಿ ಬರಬೇಕು, ಅದು ಹಣ್ಣು ಬಿಡುವ ತನಕ ಪ್ರತಿ ಬೇಸಿಗೆ ತಾನೇ ಸವರಬೇಕು, ಅಷ್ಟು ಆಸೆ ಎಂದಳು. ಸೊಪ್ಪಿನ ಹೊರೆ ತಲೆಗೇರಿಸಿ, ಹಲ್ಲುಗತ್ತರಿಯನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಮಾಸ್ತರ, ಇಷ್ಟು ವರ್ಷ ಕತ್ತಿ ಕಡೀತು ಅಂತ ನಾನಽ ಹೇಳಕೋತ ಬಂದೆ. ನೀವು ಗಾಳೆವ್ವ ಕಡದ್ಳು ಅಂತ ಬರೀರಿ."